ಅಳೆದವರ ಹೆಸರು

ಮರದ ಸ್ಕೇಲನ್ನು ಸಾಲಿನ ಕೆಳಗಿಟ್ಟುಕೊಂಡು ಸುಲೋಚನಮ್ಮ ಒಂದೊಂದೇ ಅಂಕಿ ಹೋಲಿಸುತ್ತಿದ್ದರು. ಎಡಗಡೆ ಗಂಡ ಮಹೇಶ್ವರರ ಕೈಬರಹದ ಹಾಳೆ, ಬಲಗಡೆ ಪ್ರೆಸ್ಸಿನಿಂದ ಬಂದ ಕರಡಚ್ಚು. ಹತ್ತನೇ ದಿನದ ಬಾವಿಯ ಅಳತೆ ಸರಿಯಾಗಿತ್ತು. ಹನ್ನೊಂದನೇ ದಿನ ಕೈಬರಹದಲ್ಲಿ ೨೨ ಅಡಿ ೯ ಇಂಚು. ಅಚ್ಚಿನಲ್ಲಿ ೨೪ ಅಡಿ ೯ ಇಂಚು. ಅಚ್ಚು ಜೋಡಿಸಿದವರ ಕೈತಪ್ಪು. ಕೆಂಪು ಪೆನ್ನಿನಿಂದ ನಾಲ್ಕನ್ನು ಹೊಡೆದು ಅಂಚಿನಲ್ಲಿ ಎರಡು ಎಂದು ಬರೆಯಬೇಕು. ಅಷ್ಟೇ ಕೆಲಸ.

ಪೆನ್ನು ಕಾಗದದ ಹತ್ತಿರ ಹೋಗಿ ನಿಂತಿತು.

ತಪ್ಪಾಗಿ ಬಿದ್ದ ಆ ಅಂಕಿಯೇ ನಿಜಕ್ಕೆ ಹತ್ತಿರವಾಗಿತ್ತು. ಹಾಗೆಂದು ಗೊತ್ತಿದ್ದದ್ದು ಅವರೊಬ್ಬರಿಗೇ.

ಮಹೇಶ್ವರ ತೀರಿಕೊಂಡದ್ದು ಹೋದ ಕಾರ್ತಿಕದಲ್ಲಿ. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಓದಿ, ಮೈಸೂರಿನಲ್ಲಿ ಭೌತಶಾಸ್ತ್ರ ಮುಗಿಸಿ, ಆಮೇಲೆ ಅದನ್ನು ಬಿಟ್ಟು ವಿಜ್ಞಾನದ ತತ್ವಶಾಸ್ತ್ರಕ್ಕೆ ಹೊರಳಿಕೊಂಡವರು. ವಿಜ್ಞಾನ ಏನು ಹೇಳುತ್ತದೆ ಎನ್ನುವುದಕ್ಕಿಂತ ಅದು ಹೇಳಿದ್ದನ್ನು ನಾವು ಯಾವ ಆಧಾರದ ಮೇಲೆ ನಂಬುತ್ತೇವೆ ಎನ್ನುವುದೇ ಅವರಿಗೆ ದೊಡ್ಡ ಪ್ರಶ್ನೆ. ಮೂವತ್ತೊಂದು ವರ್ಷ ಅದನ್ನೇ ಪಾಠ ಮಾಡಿದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಸಾಲು ಬರೆಸುತ್ತಿದ್ದರು: 'ಏನನ್ನು ಕಂಡರೆ ನಾನು ನನ್ನ ಮಾತು ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ?' ಅದರ ಕೆಳಗೆ ಉತ್ತರ ಬರೆಯಲು ಆಗದವನು ಯಾವುದನ್ನೂ ಪ್ರತಿಪಾದಿಸಬಾರದು ಎನ್ನುತ್ತಿದ್ದರು.

ಸುಲೋಚನಮ್ಮನನ್ನು ಶೃಂಗೇರಿಗೆ ಕರೆದುಕೊಂಡು ಹೋದಾಗಲೂ ದೇವಸ್ಥಾನಕ್ಕಿಂತ ಹೆಚ್ಚು ಹೊತ್ತು ತುಂಗೆಯ ಮೆಟ್ಟಿಲ ಮೇಲೆ ಕಳೆಯುತ್ತಿದ್ದರು. ಯಾತ್ರಿಕರು ಮಂಡಕ್ಕಿ ಎರಚುತ್ತಿದ್ದರು, ಮೀನುಗಳು ಒಂದರ ಮೇಲೊಂದು ಬೀಳುತ್ತಿದ್ದವು.

"ಎಷ್ಟಿರಬಹುದು ಹೇಳು?" ಎಂದಿದ್ದರು ಒಮ್ಮೆ.

"ಸಾವಿರ?"

"ಮಂಡಕ್ಕಿಗೆ ಬಂದದ್ದು ಸಾವಿರ. ಬಾರದೇ ಇದ್ದದ್ದು? ನಾವು ಹೊಳೆಯಲ್ಲಿರೋ ಮೀನು ಎಣಿಸ್ತಾ ಇಲ್ಲ, ಮಂಡಕ್ಕಿ ತಿನ್ನೋ ಮೀನು ಎಣಿಸ್ತಾ ಇದೀವಿ."

ಆ ಮಾತು ಆಮೇಲೆ ಅವರ ಒಂದು ಪುಸ್ತಕದ ಮೊದಲ ಅಧ್ಯಾಯವಾಯಿತು. ಅದರ ಶುದ್ಧಪ್ರತಿ ಮಾಡಿದ್ದು ಸುಲೋಚನಮ್ಮ. ಎಲ್ಲ ಪುಸ್ತಕಗಳ ಶುದ್ಧಪ್ರತಿಯೂ ಅವರದೇ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ನಿಂತಿದ್ದರೂ, ಗಂಡ ಬರೆದದ್ದು ಅವರಿಗೆ ಅರ್ಥವಾಗುತ್ತಿತ್ತು. ಅರ್ಥವಾಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ನಿವೃತ್ತಿಯಾದ ಮೇಲೆ ಶೆಟ್ಟಿಕೊಪ್ಪದ ಹತ್ತಿರ ಅರ್ಧ ಎಕರೆ ತೆಗೆದುಕೊಂಡು ಸಣ್ಣ ಮನೆ ಕಟ್ಟಿದರು. ಜಾಗದ ಜೊತೆಗೆ ಹಳೆಯ ಬಾವಿಯೂ ಬಂತು. ಮಹೇಶ್ವರರಿಗೆ ಕೈಗೊಂದು ಆಟಿಕೆ ಸಿಕ್ಕಂತಾಯಿತು. ತುದಿಗೆ ಕಬ್ಬಿಣದ ಗುಂಡು ಕಟ್ಟಿದ ಅಳತೆಪಟ್ಟಿ ತಂದು, ಹಸಿರು ರಟ್ಟಿನ ಒಂದು ರಿಜಿಸ್ಟರಿಗೆ ಗೆರೆ ಹಾಕಿ, ಹೆಂಡತಿಯ ಕೈಗೆ ಕೊಟ್ಟರು. ದಿನಾ ಬೆಳಿಗ್ಗೆ ಏಳಕ್ಕೆ, ಕಟ್ಟೆಯ ಕಲ್ಲಿನಿಂದ ನೀರಿನವರೆಗೆ ಎಷ್ಟು ಎಂದು ಅಳೆದು ಬರೆಯುವುದು. "ಒಂದೇ ಕೈ ಇರಬೇಕು. ಕೈ ಬದಲಾದರೆ ಅಳತೆ ಬದಲಾಗುತ್ತೆ." ಹಾಗಾಗಿ ಅದು ಸುಲೋಚನಮ್ಮನ ಕೆಲಸವಾಯಿತು. ಕಾಫಿಗೆ ನೀರಿಡುವ ಮೊದಲು ಬಾವಿ.

ಐದು ವರ್ಷ ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಪಕ್ಕದ ತೋಟದ ಪುಟ್ಟಪ್ಪ ಬೋರ್‌ವೆಲ್ ತೆಗೆಸಿದ.

ಬೋರಿಗೆ ಪಂಪು ಹಾಕಿದ ವರ್ಷವೇ ಬಾವಿ ಎಂದಿಗಿಂತ ಬೇಗ ಇಳಿಯಿತು ಎಂದು ಮಹೇಶ್ವರ ರಿಜಿಸ್ಟರ್ ತೋರಿಸಿದರು. ನೀರು ಇಳಿದದ್ದು ಬಿಸಿಲಿಗೆ ಎಂದ ಪುಟ್ಟಪ್ಪ. ಮಾತು ಬೆಳೆಯಿತು. ಕೊನೆಗೆ ಮಹೇಶ್ವರರೇ ಒಂದು ಪರೀಕ್ಷೆ ಸೂಚಿಸಿದರು. ಹತ್ತು ದಿನ ಪುಟ್ಟಪ್ಪ ಪಂಪನ್ನು ಬೆಳಗಿನಿಂದ ಸಂಜೆಯವರೆಗೆ ಓಡಿಸುವುದು, ಮುಂದಿನ ಒಂಬತ್ತು ದಿನ ಮುಟ್ಟದೇ ಇರುವುದು. ಪಂಪು ಓಡುವಾಗ ಬಾವಿ ಬೇಗ ಇಳಿದು, ನಿಂತಾಗ ಚೇತರಿಸಿಕೊಂಡರೆ ತಪ್ಪು ಬೋರಿನದು. ಎರಡೂ ಕಾಲದಲ್ಲಿ ಒಂದೇ ಸಮ ಇಳಿದರೆ ತಪ್ಪು ತನ್ನದು.

"ಆಗ್ಲಿ ಮಾರಾಯ್ರೆ, ನೋಡೇ ಬಿಡಣ," ಎಂದ ಪುಟ್ಟಪ್ಪ. "ಸೋತೋರು ಎಂತ ಮಾಡೋದು?"

"ಸೋತವರು ಗೆದ್ದವರ ಮನೆಗೆ ಹೋಗಿ ಸೋತೆ ಅನ್ನೋದು."

ಮಹೇಶ್ವರ ಇನ್ನೂ ಒಂದು ನಿಯಮ ಹಾಕಿಕೊಂಡರು. ತನಗೆ ಒಂದು ಉತ್ತರದ ಮೇಲೆ ಆಸೆಯಿದೆ, ಆದ್ದರಿಂದ ಆ ಹತ್ತೊಂಬತ್ತು ದಿನ ತಾನು ಬಾವಿಯ ಹತ್ತಿರ ಹೋಗುವುದಿಲ್ಲ, ರಿಜಿಸ್ಟರ್ ತೆರೆಯುವುದಿಲ್ಲ.

ಪರೀಕ್ಷೆಯ ಹಿಂದಿನ ದಿನ, ಶೃಂಗೇರಿಯಲ್ಲಿ ಯಾವುದೋ ವಿಚಾರ ಸಂಕಿರಣಕ್ಕೆ ಬಂದಿದ್ದ ಮೂವರು ಪ್ರಾಧ್ಯಾಪಕರು ಊಟಕ್ಕೆ ಬಂದರು. ಸುಲೋಚನಮ್ಮ ಕಡುಬು ಬಡಿಸುತ್ತಿದ್ದರು. ಬಾವಿಯ ವಿಷಯ ಬಂತು. "ಅಳೆಯೋರಿಗೆ ನಿಮ್ಮ ಊಹೆ ಗೊತ್ತಿದ್ದರೆ ಅಳತೆ ಆ ಕಡೆಗೆ ವಾಲೋದಿಲ್ವೆ?" ಎಂದರು ಒಬ್ಬರು.

ಮಹೇಶ್ವರ ನಕ್ಕರು. "ಇವಳಿಗಾ? ಇದೆಲ್ಲ ಇವಳ ತಲೆಗೆ ಹೋಗೋದೇ ಇಲ್ಲ. ಹೋಗದೇ ಇರೋದೇ ಒಳ್ಳೇದು. ಥರ್ಮಾಮೀಟರಿಗೆ ಜ್ವರ ಅಂದ್ರೆ ಏನು ಅಂತ ಗೊತ್ತಿರಬೇಕಾ?"

ಎಲ್ಲರೂ ನಕ್ಕರು. ಸುಲೋಚನಮ್ಮ ಆ ಪ್ರಾಧ್ಯಾಪಕರ ಎಲೆಗೆ ಇನ್ನೊಂದು ಕಡುಬು ಹಾಕಿ, ತುಪ್ಪ ಬೇಕೇ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಪುಟ್ಟಪ್ಪನ ಪಂಪು ಸದ್ದು ಮಾಡಿತು. ಸುಲೋಚನಮ್ಮ ಬಾವಿಯ ಕಡೆ ಹೋಗಲಿಲ್ಲ. ಅಡಿಗೆಮನೆಯ ಮಣೆಯ ಮೇಲೆ ಕೂತು ಹಿಂದಿನ ದಿನದ ಅಂಕಿಗೆ ಅರ್ಧ ಇಂಚು ಸೇರಿಸಿ ಬರೆದರು. ಚೈತ್ರದಲ್ಲಿ ಬಾವಿ ದಿನಕ್ಕೆ ಸುಮಾರು ಅಷ್ಟು ಇಳಿಯುತ್ತದೆ ಎಂದು ಐದು ವರ್ಷದ ಅಳತೆಯಿಂದ ಅವರಿಗೆ ಬಾಯಿಪಾಠವಾಗಿತ್ತು. ಎರಡನೇ ದಿನವೂ ಅರ್ಧ ಇಂಚು. ಮೂರನೇ ದಿನವೂ. ಅಳೆದು ಬಂದಿದ್ದಾಳೆ ಎಂದುಕೊಂಡ ಗಂಡ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದರು, ನಿಯಮಕ್ಕೆ ಬದ್ಧರಾಗಿ ರಿಜಿಸ್ಟರಿನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಥರ್ಮಾಮೀಟರ್ ಬರೆಯುತ್ತಿತ್ತು.

ಸಿಟ್ಟು ಎಂಟನೇ ದಿನಕ್ಕೇ ಆರಿಹೋಗಿತ್ತು. ಆದರೆ ಅಷ್ಟರಲ್ಲಿ ಬರೆದದ್ದನ್ನು ಹೊಡೆದು ಹಾಕುವುದು ಹೇಗೆಂದು ತಿಳಿಯಲಿಲ್ಲ.

ಇಪ್ಪತ್ತನೇ ದಿನ ಅವರು ಹೋಗಿ ಪಟ್ಟಿ ಇಳಿಬಿಟ್ಟರು. ಬರೆದದ್ದಕ್ಕಿಂತ ನೀರು ಒಂದೂವರೆ ಅಡಿ ಕೆಳಗಿತ್ತು. ಪಂಪು ನಿಂತು ಒಂಬತ್ತು ದಿನ ಆದ ಮೇಲೂ. ಹಾಗಾದರೆ ಹತ್ತನೇ ದಿನ ಎಷ್ಟು ಕೆಳಗೆ ಹೋಗಿತ್ತೋ. ಸುಲೋಚನಮ್ಮ ಪಟ್ಟಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತರು. ಒಳಗೆ ಬಂದಾಗ ಮಹೇಶ್ವರ ರಿಜಿಸ್ಟರ್ ತೆರೆದು ಹತ್ತೊಂಬತ್ತು ಅಂಕಿಗಳನ್ನು ನೋಡಿಯಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಸೋತೆ ಕಣೆ," ಎಂದರು. ಮುಖದಲ್ಲಿ ಬೇಸರವಿರಲಿಲ್ಲ. ಮೂವತ್ತೊಂದು ವರ್ಷ ಬೇರೆಯವರಿಗೆ ಹೇಳಿಕೊಟ್ಟದ್ದು ತನ್ನ ಮೇಲೇ ಬಂದಾಗ ಮಾಡಬಲ್ಲೆನೇ ಎಂದು ಕಾದಿದ್ದವರಂತೆ, ಮಾಡಬಲ್ಲೆ ಎಂದು ತಿಳಿದವರಂತೆ, ಶರಟು ಹಾಕಿಕೊಂಡು ಪುಟ್ಟಪ್ಪನ ಮನೆಗೆ ಹೊರಟರು. ಆ ಮುಖ ನೋಡಿ ಸುಲೋಚನಮ್ಮನಿಗೆ ಬಾಯಿ ಬರಲಿಲ್ಲ. ಮುಂದಿನ ಮೂರು ವಾರ ದಿನಕ್ಕೊಂದು ಇಂಚು ಹೆಚ್ಚು ಇಳಿಸಿ ಬರೆದು ರಿಜಿಸ್ಟರಿನ ಅಂಕಿಯನ್ನು ಬಾವಿಯ ನಿಜದ ಮಟ್ಟಕ್ಕೆ ತಂದು ಸೇರಿಸಿದರು.

ಆಮೇಲೆ ಆ ಲೇಖನ ಬಂತು. 'ನಾನು ಸೋತ ಹತ್ತೊಂಬತ್ತು ದಿನ'. ಅವರು ಬರೆದ ಎಲ್ಲದರಲ್ಲಿ ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ. ಕಾಲೇಜುಗಳಲ್ಲಿ ಓದಿಸಿದರು, ಭಾಷಣಗಳಲ್ಲಿ ಉದಾಹರಿಸಿದರು. ಈಗ ಅದು ಕೊನೆಯ ಪುಸ್ತಕದ ಏಳನೇ ಅಧ್ಯಾಯ. ಅದರಲ್ಲಿ ಒಂದು ವಾಕ್ಯವಿತ್ತು: 'ಪ್ರತಿ ಅಂಕಿಯ ಹಿಂದೆ ಒಂದು ಕೈ ಇರುತ್ತದೆ; ಅದು ಯಾರ ಕೈ ಎಂದು ಕೇಳದವನು ಅಂಕಿಯನ್ನು ಓದಿಲ್ಲ.' ಮುಂದಿನ ಪುಟದಲ್ಲೇ, 'ಬಾವಿಯನ್ನು ಪ್ರತಿದಿನ ಅಳೆಯಲಾಯಿತು.' ಯಾರು ಅಳೆದರು ಎಂದಿರಲಿಲ್ಲ. ಶುದ್ಧಪ್ರತಿ ಮಾಡುವಾಗ ಆ ಎರಡು ವಾಕ್ಯಗಳನ್ನೂ ಸುಲೋಚನಮ್ಮನೇ ದುಂಡಗೆ ಬರೆದಿದ್ದರು.

ಹೊರಗೆ ರಾಟೆ ಕಿರುಗುಟ್ಟಿತು. ಹೊನ್ನಕ್ಕ ಬಂದಿದ್ದಳು. ಇಪ್ಪತ್ತು ವರ್ಷದಿಂದ ಸುತ್ತಲಿನ ತೋಟಗಳಲ್ಲಿ ಕೂಲಿ ಮಾಡುವವಳು. ವಾರಕ್ಕೆ ಮೂರು ದಿನ ಇಲ್ಲಿ ಬಟ್ಟೆ ಪಾತ್ರೆ. ಸುಲೋಚನಮ್ಮ ಪೆನ್ನಿಗೆ ಮುಚ್ಚಳ ಹಾಕಿ ಬಾವಿಕಟ್ಟೆಗೆ ಹೋದರು. ಕಟ್ಟೆಯ ಕೆಳಗೆ ನಾಲ್ಕು ಖಾಲಿ ಕೊಡಗಳಿದ್ದವು.

"ಇವತ್ತೂ ಕೊಡ ತಂದ್ಯಾ?"

"ಎಂತ ಮಾಡದು ಅಮ್ಮ. ನಮ್ ಬಾವೀಲಿ ಕಪ್ಪೆಗೂ ನೀರಿಲ್ಲ. ಕುಸುಮಾ ಎರಡು ಹೊರ್ತಾಳೆ, ನಾ ಎರಡು. ಸೊಸೆ ಮಾತ್ರ ಹೊತ್ರೆ ಊರೋರು ಅತ್ತೆ ಕೂತು ತಿಂತಾಳೆ ಅಂತಾರೆ." ಹೊನ್ನಕ್ಕ ಹಗ್ಗ ಎಳೆಯುತ್ತಲೇ ನಕ್ಕಳು.

ಹೊನ್ನಕ್ಕನಿದ್ದ ಕೆಳಗಿನ ಕೇರಿಯ ಏಳು ಮನೆಗಳಿಗೂ ಸೇರಿ ಒಂದೇ ಬಾವಿ. ಪುಟ್ಟಪ್ಪ ಎರಡನೇ ಬೋರು ತೆಗೆಸಿದ ಮೇಲೆ ಅದು ಪ್ರತಿ ವರ್ಷ ಶಿವರಾತ್ರಿ ಕಳೆದ ಕೂಡಲೇ ಬತ್ತುತ್ತಿತ್ತು.

"ಮೊನ್ನೆ ಗ್ರಾಮಸಭೇಲಿ ಹೇಳ್ತೀನಿ ಅಂದಿದ್ಯಲ್ಲ. ಎಂತಾಯ್ತು?"

"ಹೇಳ್ದೆ. ಬೋರಿನಿಂದ ನಮ್ ನೀರು ಹೋಗ್ತದೆ ಅಂದೆ. ಪುಟ್ಟಪ್ಪಗೌಡ್ರು ಕಿಸೆಯಿಂದ ಕಾಗದ ತೆಗೆದ್ರು. 'ನೋಡೇ ಹೊನ್ನಕ್ಕ, ಇದು ನಾ ಹೇಳಿದ್ದಲ್ಲ. ಪ್ರೊಫೆಸರು ಪರೀಕ್ಷೆ ಮಾಡಿ ಬರ್ದದ್ದು' ಅಂದ್ರು. ಓದಿದ್ರು. ಎಲ್ಲಾ ಸುಮ್ಮನಾದ್ರು. ನಾನೂ ಸುಮ್ಮನಾದೆ. ಅಯ್ನೋರು ಸುಳ್ಳು ಬರಿಯೋರಲ್ಲ ಅಲ್ವಾ?"

ಸುಲೋಚನಮ್ಮ ಕತ್ತೆತ್ತಿ ಹಗ್ಗ ನೋಡಿದರು. ರಾಟೆಯ ಮೇಲೆ ಹಗ್ಗ ಹತ್ತುತ್ತಿತ್ತು. ನೀಲಿ ನೈಲಾನ್ ಹಗ್ಗ ಮುಗಿದು ಒಂದು ದಪ್ಪ ಗಂಟು ಬಂತು. ಅದರಾಚೆ ಎರಡು ಮಾರು ತೆಂಗಿನ ನಾರಿನ ಹಗ್ಗ.

"ಈ ಗಂಟು ನೀನು ಹಾಕಿದ್ದಲ್ಲವಾ?"

"ಹೌದು. ಆ ವರ್ಷ, ಗೌಡ್ರು ಹತ್ತು ದಿನ ಪಂಪು ಬಿಡದೇ ಓಡಿಸಿದ್ರಲ್ಲ, ಆವಾಗ. ಬಿಂದಿಗೆ ನೀರಿಗೆ ಮುಟ್ಲೇ ಇಲ್ಲ. ಬಗ್ಗಿ ಬಗ್ಗಿ ಸೊಂಟ ಹೋಯ್ತು. ಕೊಟ್ಟಿಗೆಯಿಂದ ಹಗ್ಗ ತಂದು ಕಟ್ದೆ." ಬಿಂದಿಗೆಯನ್ನು ಕಟ್ಟೆಗೆ ಎಳೆದುಕೊಂಡು ಹೊನ್ನಕ್ಕ ಅವರ ಮುಖ ನೋಡಿದಳು. "ಅವಾಗ ನಿಮಗೆ ಹುಷಾರಿರ್ಲಿಲ್ಲ ಕಾಣ್ತದೆ. ಬಾವಿ ಹತ್ರ ಬರ್ತಾನೇ ಇರ್ಲಿಲ್ಲ."

"ಹೂಂ," ಎಂದರು ಸುಲೋಚನಮ್ಮ.

ಹಗ್ಗದ ಗಂಟು ಇಷ್ಟು ವರ್ಷ ಅಲ್ಲೇ ಇತ್ತು. ಮಹೇಶ್ವರ ಒಂದು ದಿನ ನೀರು ಸೇದಿದ್ದರೆ ಅಂಗೈಗೆ ತಗಲುತ್ತಿತ್ತು. ಅವರು ಸೇದಿರಲಿಲ್ಲ.

ಹನ್ನೆರಡರ ಹೊತ್ತಿಗೆ ಅರ್ಪಿತಾಳ ಸ್ಕೂಟರ್ ಬಂತು. ಬಾಳಗಡಿಯ ಕಾಲೇಜಿನಲ್ಲಿ ಪಾಠ ಮಾಡುವ ಇವಳು ಮಹೇಶ್ವರರ ಕೊನೆಯ ವಿದ್ಯಾರ್ಥಿನಿ. ಪುಸ್ತಕದ ಓಡಾಟವೆಲ್ಲ ಅವಳದೇ. ಕರಡನ್ನು ಇವತ್ತು ಒಯ್ದು ಸಂಜೆಯ ಬಸ್ಸಿಗೆ ಹಾಕುವುದೆಂದು ಮಾತಾಗಿತ್ತು. ಅವಳ ಹಿಂದೆಯೇ ಬೇಲಿಯ ಸಂದಿಯಿಂದ ಪುಟ್ಟಪ್ಪ ಬಂದ, ಕೈಯಲ್ಲಿ ಒಂದು ಬಾಳೆಗೊನೆ.

"ಎಂತ ಅಕ್ಕ, ಪುಸ್ತಕ ಮುಗೀತಾ? ನನ್ ಹೆಸರು ಎಷ್ಟು ಸಲ ಬಂದದೆ ಎಣಿಸಿದೀರಾ?"

"ಹದಿನಾಲ್ಕು ಸಲ ಪುಟ್ಟಪ್ಪಣ್ಣ," ಎಂದಳು ಅರ್ಪಿತಾ. "ಸರ್ ಹೆಸರಿಗಿಂತ ಜಾಸ್ತಿ."

"ಗೆದ್ದೋನ ಹೆಸರು ಜಾಸ್ತಿ ಬರ್ಲೇಬೇಕಲ್ಲ ಮಾರಾಯ್ತಿ!" ಪುಟ್ಟಪ್ಪ ಜಗಲಿಯ ಮೇಲೆ ಕೂತ. ಆಮೇಲೆ ದನಿ ತಗ್ಗಿಸಿ, "ಅಂಥ ಮನುಷ್ಯನ್ನ ನಾ ನೋಡ್ಲಿಲ್ಲ ಅಕ್ಕ. ನಮ್ಮಪ್ಪ ಸಾಯೋವರೆಗೆ ಯಾರ ಹತ್ರನೂ ತಪ್ಪಾಯ್ತು ಅಂದೋನಲ್ಲ. ನಾನೂ ಅಂದೋನಲ್ಲ. ಇವರು ನಮ್ಮನೆ ಬಾಗಿಲಿಗೆ ಬಂದು ಕೈ ಮುಗಿದ್ರು. ಆವತ್ತು ನಂಗೆ ನಾಚಿಕೆ ಆಗಿತ್ತು, ಗೆದ್ದದ್ದಕ್ಕೆ," ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಿಸೆಯಲ್ಲಿ ಆ ಲೇಖನ ಇಟ್ಟುಕೊಂಡು ತಿರುಗುವುದು ಅವನ ಕಪಟವಲ್ಲ, ನಂಬಿಕೆ. ಸುಲೋಚನಮ್ಮನಿಗೆ ಅದೇ ಹೆಚ್ಚು ಭಾರವೆನಿಸಿತು. ಕಪಟಿಯ ಕೈಯಿಂದ ಕಾಗದ ಕಿತ್ತುಕೊಳ್ಳುವುದು ಸುಲಭವಿತ್ತು.

"ಆಂಟಿ, ಸರ್ ಇದ್ದಿದ್ರೆ ಏಳನೇ ಅಧ್ಯಾಯ ಇನ್ನೊಂದು ಸಲ ತಿದ್ದೋರೋ ಏನೋ," ಎಂದಳು ಅರ್ಪಿತಾ ಹಾಳೆಗಳನ್ನು ಜೋಡಿಸುತ್ತ. "ಕೊನೆಯಲ್ಲಿ ಆಸ್ಪತ್ರೆಯಲ್ಲಿದ್ದಾಗ ನನಗೆ ಒಂದು ಮಾತು ಹೇಳಿದ್ರು. 'ನಾನು ಸೋತದ್ದನ್ನು ಎಲ್ಲರೂ ಹೊಗಳ್ತಾರೆ. ಆ ಸೋಲನ್ನು ಇನ್ನೊಂದು ಸಲ ಪರೀಕ್ಷೆ ಮಾಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ ನೋಡು' ಅಂತ."

ಹಾಳೆ ಕೊಡುತ್ತಿದ್ದ ಸುಲೋಚನಮ್ಮನ ಕೈ ಅಲ್ಲೇ ನಿಂತಿತು. "ಹಾಗಂದ್ರಾ?"

"ಹೂಂ. ಔಷಧಿ ಮಂಪರಲ್ಲಿದ್ರು. ನಾನು ಅಷ್ಟು ಗಮನ ಕೊಡಲಿಲ್ಲ." ಅವಳು ಪುಟ ಎಣಿಸಿದಳು. "ಆಂಟಿ, ಏಳನೇದು ಇಲ್ಲಿಲ್ವಲ್ಲ?"

"ಅದು ಇನ್ನೂ ಆಗಿಲ್ಲ."

"ಎಷ್ಟು ಬಾಕಿ ಇದೆ? ನಾನು ಕೂತು ಓದಿಬಿಡ್ತೀನಿ. ನೀವು ಸರ್ ಕೈಬರಹ ಹಿಡೀರಿ, ಅರ್ಧ ಗಂಟೆ."

"ಬೇಡ. ಒಂದು ಅಂಕಿಯಲ್ಲಿ ಅನುಮಾನ ಇದೆ. ನಾನೇ ನೋಡಬೇಕು. ನಾಡಿದ್ದು ಬಾ."

"ಪ್ರೆಸ್ಸಿನವರು ಬಯ್ತಾರೆ ಆಂಟಿ."

"ಬಯ್ಯಲಿ ಬಿಡೇ," ಎಂದ ಪುಟ್ಟಪ್ಪ. "ನನ್ ಅಧ್ಯಾಯ ಅದು. ಸರಿಯಾಗೇ ಬರ್ಲಿ. ಅಕ್ಕನ ಕಣ್ಣಿಂದ ಒಂದು ಸೊನ್ನೆ ತಪ್ಪಿಸಿಕೊಳ್ಳಲ್ಲ."

ಇಬ್ಬರೂ ಕಾಫಿ ಕುಡಿದು ಹೋದರು. ಪುಟ್ಟಪ್ಪ ಬೇಲಿ ದಾಟುವ ಮೊದಲು ತಿರುಗಿ, ಬಾಳೆಹಣ್ಣನ್ನು ಇವತ್ತೇ ತಿನ್ನಬೇಡಿ, ಎರಡು ದಿನ ಹೋಗಲಿ ಎಂದು ಕೂಗಿ ಹೇಳಿದ.

ಸುಲೋಚನಮ್ಮ ಕರಡಿನ ಮುಂದೆ ಮತ್ತೆ ಕೂತರು. ಮಾಡಬಹುದಾದದ್ದು ಎರಡೇ. ನಾಲ್ಕನ್ನು ಹೊಡೆದು ಎರಡು ಬರೆದರೆ ಎಲ್ಲವೂ ಇದ್ದಂತೆಯೇ ಇರುತ್ತದೆ. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ದೊಡ್ಡ ಮನುಷ್ಯ ಎಂದು ಗಂಡನ ಹೆಸರು ಉಳಿಯುತ್ತದೆ, ಪುಟ್ಟಪ್ಪನಿಗೆ ಹದಿನಾಲ್ಕು ಸಲದ ಸಂತೋಷ, ಹೊನ್ನಕ್ಕನಿಗೆ ನಾಲ್ಕು ಕೊಡ. ಬರೆಯದಿದ್ದರೆ, ಹೇಳಬೇಕು. ಹೇಳಿದರೆ ಜನ ಮೊದಲು ನಗುವುದು ಮಹೇಶ್ವರರನ್ನು ನೋಡಿ. ಹೆಂಡತಿ ಅಡಿಗೆಮನೆಯಲ್ಲಿ ಕೂತು ಬರೆದ ಅಂಕಿಯಿಂದ ಗಂಡ ತತ್ವ ಕಟ್ಟಿದ ಎಂದು. ನಗುವ ಅವಕಾಶ ಸಿಕ್ಕರೆ ಆ ಮೂವರು ಪ್ರಾಧ್ಯಾಪಕರೂ ಬಿಡುವವರಲ್ಲ.

ಇಷ್ಟು ವರ್ಷ ಅದನ್ನು ತಾನು ಗಂಡನ ಮರ್ಯಾದೆಗಾಗಿ ಮುಚ್ಚಿಟ್ಟೆ ಎಂದುಕೊಂಡಿದ್ದರು. ಈಗ, ನಾಲ್ಕು ಕೊಡ ಹೋದ ದಾರಿಯ ಮೇಲೆ ಚೆಲ್ಲಿದ ನೀರು ಒಣಗುತ್ತಿರುವುದನ್ನು ಕಿಟಕಿಯಿಂದ ನೋಡುವಾಗ, ಅದು ಪೂರ್ತಿ ನಿಜವಲ್ಲ ಎನಿಸಿತು. ಆ ಹತ್ತೊಂಬತ್ತು ಅಂಕಿಗಳು ಸುಲೋಚನಮ್ಮನವೇ ಆಗಿದ್ದವು. ಅವರು ಬದುಕಿನಲ್ಲಿ ಯಾರನ್ನೂ ಕೇಳದೆ, ಯಾರದನ್ನೂ ನಕಲು ಮಾಡದೆ ಬರೆದದ್ದು ಅಷ್ಟೇ. ಎಲ್ಲರೂ ಅದನ್ನು ನಂಬಿದ್ದರು. ಒಳಗೆಲ್ಲೋ ಅದರ ಬಗ್ಗೆ ಒಂದು ಹೆಮ್ಮೆ ಕೂತಿತ್ತು. ಅದನ್ನು ಕಂಡು ಅವರಿಗೆ ನಾಚಿಕೆಯಾಯಿತು.

ಏನನ್ನು ಕಂಡರೆ ನಾನು ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ? ಹಗ್ಗದ ಗಂಟು ಕಂಡು ಎಂಟು ವರ್ಷವಾಗಿತ್ತು.

ಅವರು ಎದ್ದರು. ಕಪಾಟಿನ ಕೆಳಗಿನ ಅರೆಯಿಂದ ಅಳತೆಪಟ್ಟಿ ತೆಗೆದರು. ಮಹೇಶ್ವರ ತೀರಿಕೊಂಡ ದಿನದಿಂದ ಅದು ಹೊರಗೆ ಬಂದಿರಲಿಲ್ಲ. ಕೊಡಗಳನ್ನು ಮನೆಗೆ ಮುಟ್ಟಿಸಿ ಬಂದ ಹೊನ್ನಕ್ಕ ಬಾವಿಕಟ್ಟೆಯ ಹತ್ತಿರ ಒಗೆದ ಬಟ್ಟೆ ಹಿಂಡುತ್ತಿದ್ದಳು.

"ಅಯ್ಯೋ, ಮತ್ತೆ ಶುರು ಮಾಡಿದ್ರಾ? ಈಗ ಯಾರಿಗೆ ಅಮ್ಮ?"

"ಸುಮ್ಮನೆ."

ಗುಂಡು ಇಳಿಯಿತು. ಪಟ್ಟಿ ಬೆರಳುಗಳ ನಡುವೆ ಜಾರಿತು. ತಳದಲ್ಲಿ ಗುಂಡು ನೀರನ್ನು ತಾಗಿದಾಗ ಆಗುವ ಸಣ್ಣ ಹಗುರವನ್ನು ಕೈ ಮರೆತಿರಲಿಲ್ಲ. ಇಪ್ಪತ್ತೇಳು ಅಡಿ ಮೂರು ಇಂಚು. ಖಾತ್ರಿಗಾಗಿ ಎರಡನೇ ಸಲ ಇಳಿಬಿಟ್ಟರು. ಅಷ್ಟೇ ಇತ್ತು.

ಒಳಗೆ ಬಂದು ಹಸಿರು ರಿಜಿಸ್ಟರಿನ ಹೊಸ ಪುಟ ತೆರೆದರು. ಮಹೇಶ್ವರ ಹಾಕಿಟ್ಟ ಗೆರೆಗಳು: ತಾರೀಕು, ಹೊತ್ತು, ಅಳತೆ. ಬಲಗಡೆ ಎರಡು ಬೆರಳಗಲ ಜಾಗ ಖಾಲಿ ಉಳಿದಿತ್ತು. ಸ್ಕೇಲಿಟ್ಟು ಅಲ್ಲಿ ಇನ್ನೊಂದು ಗೆರೆ ಎಳೆದು, ಮೇಲೆ 'ಅಳೆದವರು' ಎಂದು ಬರೆದರು. ಕೆಳಗೆ ತಮ್ಮ ಹೆಸರು. ಹೊತ್ತಿನ ಜಾಗದಲ್ಲಿ ಏಳು ಗಂಟೆ ಎನ್ನಲಿಲ್ಲ. ಎರಡೂವರೆ ಎಂದೇ ಬರೆದರು.

ಆಮೇಲೆ ಕರಡನ್ನು ಹತ್ತಿರಕ್ಕೆ ಎಳೆದುಕೊಂಡರು. ಹನ್ನೊಂದನೇ ದಿನದ ನಾಲ್ಕನ್ನು ಹೊಡೆದು ಎರಡು ಮಾಡಿದರು. ಬರೆದದ್ದು ಅದೇ, ಅದು ಹಾಗೆಯೇ ಅಚ್ಚಾಗಲಿ. ಗಂಡನ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಆದರೆ ಅಧ್ಯಾಯ ಮುಗಿದ ಮೇಲೆ ಒಂದು ಪುಟ ಹೆಚ್ಚಾಗಿ ಇರುತ್ತದೆ. ಆ ಹತ್ತೊಂಬತ್ತು ದಿನ ಬಾವಿಗೆ ಪಟ್ಟಿ ಇಳಿಯಲಿಲ್ಲ ಎಂದು, ಅದರ ನಂತರದ ಮೂರು ವಾರದ ಅಂಕಿಗಳೂ ನಂಬತಕ್ಕವಲ್ಲ ಎಂದು, ಇಪ್ಪತ್ತನೇ ದಿನ ನೀರು ಎಲ್ಲಿತ್ತು ಎಂದು, ಹೊನ್ನಕ್ಕ ಹಗ್ಗಕ್ಕೆ ಗಂಟು ಹಾಕಿದ್ದು ಯಾವಾಗ, ಯಾಕೆ ಎಂದು. ಕೊನೆಗೆ ಇದೇ ಹೆಸರು. ನಾಡಿದ್ದು ಅರ್ಪಿತಾ ಬಂದು ಲಕೋಟೆ ಒಯ್ಯುತ್ತಾಳೆ. ಅದರಲ್ಲಿ ಎಷ್ಟು ಹಾಳೆ ಇದೆ ಎಂದು ಅವಳಿಗೆ ಈಗ ಹೇಳಬೇಕಾಗಿಲ್ಲ. ಓದಿದಾಗ ಗೊತ್ತಾಗುತ್ತದೆ.

"ಅಮ್ಮ, ನಾ ಹೊರಟೆ," ಎಂದು ಹೊನ್ನಕ್ಕ ಹೊರಗಿನಿಂದ ಕೂಗಿದಳು. "ನಾಳೆ ಬರ್ತೀನಿ."

"ಏಳರ ಒಳಗೆ ಸೇದಬೇಡ," ಎಂದರು ಸುಲೋಚನಮ್ಮ. "ನಾನು ಅಳೆದ ಮೇಲೆ ಸೇದು."

ಹೊನ್ನಕ್ಕ ಆಗಲಿ ಎಂದಳು. ಯಾಕೆ ಎಂದು ಕೇಳಲಿಲ್ಲ. ಸುಲೋಚನಮ್ಮ ಬಿಳಿಯ ಹಾಳೆಯೊಂದನ್ನು ಮೇಜಿನ ಮೇಲೆ ನೇರ ಮಾಡಿದರು.